ಬೆಲ್ಲ ಹಾಕಿಸಿದವನು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಪೀತಮ್‌ಪುರದ ನಮ್ಮ ಹೋಟೆಲಿನಲ್ಲಿ ಒಬ್ಬ ಗಿರಾಕಿ ಬಟ್ಟಲು ಎತ್ತಿ ಹಿಡಿದು, "ಭಯ್ಯಾ, ಇದು ಸಾಂಬಾರಾ, ಪಾಯಸಾನಾ?" ಅಂದ. ಬೆಲ್ಲ ಜಾಸ್ತಿ ಹಾಕಿಸಿದವನು ನಾನೇ. ಆದರೆ ಟೇಬಲುಗಳೆಲ್ಲ ತುಂಬಿದ್ದವು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಡುಗೆಯವರನ್ನು ಹೊರಗೆ ಕರೆದು, "ಏನ್ರೀ ವಾಸಣ್ಣ, ರುಚಿ ನೋಡದೆ ಕಳಿಸ್ತೀರಾ?" ಎಂದು ಗದರಿದೆ. ವಾಸಣ್ಣ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ "ಕೈ ತಪ್ಪಿತು ಸಾರ್" ಎಂದು ಗಿರಾಕಿಗೆ ಕೈಮುಗಿದು ಒಳಗೆ ಹೋದರು.

ನಿನ್ನೆಯಷ್ಟೇ ಹೋಟೆಲಿನವರೆಲ್ಲ ಸೇರಿ ಒಂದು ಕಾಮಿಡಿ ಸಿನಿಮಾ ನೋಡಿದ್ದೆವು. ಅದರ ಹೀರೋ ಮಹಾ ಪುಕ್ಕಲ, ಹಲ್ಲಿ ಕಂಡರೂ ಓಡುತ್ತಾನೆ. ಆದರೆ ತಾನು ಮಾಡಿದ ತಪ್ಪನ್ನು ಬೇರೆಯವರು ಆಫೀಸಿನ ಜವಾನನ ಮೇಲೆ ಹೊರಿಸಿದಾಗ ಗಡಗಡ ನಡುಗುತ್ತಲೇ ಎದ್ದು ನಿಂತು, "ಮಾಡಿದ್ದು ನಾನು" ಅನ್ನುತ್ತಾನೆ. "ಹೀರೋ ಅಂದ್ರೆ ಇವನಪ್ಪಾ!" ಎಂದು ವಾಪಸು ಬರುವಾಗ ಮೆಟ್ರೋದಲ್ಲಿ ಭಾಷಣ ಬಿಗಿದವನೂ ನಾನೇ. ವಾಸಣ್ಣ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದರು.

ಕೌಂಟರಿನಲ್ಲಿದ್ದ ಮಗಳು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಪಿಸುಗುಟ್ಟಿದಳು: "ಪಪ್ಪಾ, ಬೆಲ್ಲ ಜಾಸ್ತಿ ಹಾಕೋಕೆ ನೀವೇ ಬೋಲಾ ಥಾ ನಾ?" ಕೇಳಿಸದವನ ಹಾಗೆ ಸೋಂಪಿನ ತಟ್ಟೆ ಒರೆಸಿದೆ.

ಗಿರಾಕಿ ಹೊರಡುವಾಗ ನನ್ನ ಕೈ ಕುಲುಕಿ, "ಮಾಲೀಕ ಅಂದ್ರೆ ಹೀಗಿರಬೇಕು!" ಅಂದ.

ನೋಡಿ, ವ್ಯಾಪಾರಕ್ಕೆ ಪಳಗಿದ ನನ್ನ ಬಾಯಿ "ಥ್ಯಾಂಕ್ಯೂ" ಅಂದೇಬಿಟ್ಟಿತು.