ಪುಟ್ಟಲಕ್ಷ್ಮಿ ಸೈಟಿಗೆ ಅರ್ಜಿ ಹಾಕಿದ್ದು

ಜನರನ್ನು ಸಂಶಯದಿಂದ ನೋಡುವುದಕ್ಕೇ ನನಗೆ ಸಂಬಳ. ರಾಜಾಜಿನಗರದ ಕೈಗಾರಿಕಾ ಎಸ್ಟೇಟಿನಲ್ಲಿ ಬೋಲ್ಟು ನಟ್ಟು ಮಾಡುವ ಒಂದು ಸಣ್ಣ ಕಾರ್ಖಾನೆಗೆ ನಾನು ಟೈಮ್ ಕೀಪರ್. ತಡವಾಗಿ ಬಂದವನು "ಹೆಂಡ್ತಿಗೆ ಹೆರಿಗೆ ನೋವು ಸಾರ್" ಎಂದರೆ, "ಹೋದ ತಿಂಗಳೂ ಹೆರಿಗೆ ಆಗಿತ್ತಲ್ಲಪ್ಪ" ಎಂದು ನೆನಪಿಸಬೇಕು. ಬಿ.ಎಸ್ಸಿ.ಯನ್ನು ಮೂರನೇ ದರ್ಜೆಯಲ್ಲಿ ಮುಗಿಸಿದವನಿಗೆ ವಿಜ್ಞಾನ ಇಷ್ಟಾದರೂ ಕೊಟ್ಟಿತು.

ಆದರೆ ಸಂಶಯದ ವಿಷಯದಲ್ಲಿ ನಾನು ಮುನಿವೆಂಕಟಪ್ಪನವರ ಕಾಲಿನ ಧೂಳು. ಸುಂಕದಕಟ್ಟೆಯಲ್ಲಿ ಅವರ ಮನೆಯ ಪಕ್ಕದ ಸಾಲುಕೋಣೆಗಳಲ್ಲೊಂದು ನನ್ನದು. ರಸ್ತೆಯಾಚೆ ಸರಪಣಿ ಹಿಡಿದವರು ಯಾರದೋ ಹೊಲ ಅಳೆಯುವುದನ್ನು ಕಂಡ ದಿನದಿಂದ ಅವರು ಪ್ಯಾಂಟು ಹಾಕಿದ ಯಾರನ್ನೂ ನಂಬುತ್ತಿರಲಿಲ್ಲ. ಬಾಡಿಗೆದಾರನಾದ ನನ್ನನ್ನು ಮಾತ್ರ ಹೇಗೋ ಸಹಿಸಿಕೊಂಡಿದ್ದರು. ಮನೆಯಲ್ಲಿ ನಾನು ಲುಂಗಿ ಉಡುತ್ತಿದ್ದುದು ಕಾರಣವಿರಬಹುದು.

ಅವರ ಒಬ್ಬಳೇ ಮಗಳು ಪುಟ್ಟಲಕ್ಷ್ಮಿ. ನರ್ಸಿಂಗ್ ಕಾಲೇಜಿನಲ್ಲಿ ಎರಡನೇ ವರ್ಷ, ಹಾಸ್ಟೆಲ್ ವಾಸ. ಭಾನುವಾರ ಊರಿಗೆ ಬಂದರೆ ಕಾಲುಹಾದಿಯ ಮುದುಕಿಯರೆಲ್ಲ ತಡೆದು ನಿಲ್ಲಿಸಿ ನಾಲಿಗೆ ಚಾಚಿ ತೋರಿಸುತ್ತಿದ್ದರು. ಅವಳು ನಗದೆ, ಗದರದೆ, ಒಬ್ಬೊಬ್ಬರ ಕಣ್ಣರೆಪ್ಪೆ ಎಳೆದು ನೋಡುವಳು. ನನ್ನನ್ನು "ನಾಣಣ್ಣ" ಎಂದು ಕರೆಯುತ್ತಿದ್ದಳು. ಊರಿಗೆಲ್ಲ ಸಿಸ್ಟರ್ ಆದವಳಿಗೆ ನಾನೊಬ್ಬ ಅಣ್ಣನಾಗುವುದು ನ್ಯಾಯವೇ; ಆದರೂ ಪ್ರತಿಸಲ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಒಂದು ಸಂಜೆ ಮುನಿವೆಂಕಟಪ್ಪನವರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಸ್ವಾಮಿ, ನಮ್ ಹುಡುಗಿ ಸೈಟಿಗೆ ಅರ್ಜಿ ಹಾಕ್ತಾವ್ಳೆ."

"ಸೈಟಿಗಾ? ಯಾರು ಹೇಳಿದ್ರು?"

"ನನ್ ಕಿವೀಲೇ ಕೇಳ್ದೆ. ಪಂಪ್‌ಸೆಟ್ ಹತ್ರ ಅವರವ್ವಂಗೆ ಹೇಳ್ತಿದ್ಲು. ಈ ವರ್ಷ ಸೈಟಿಗೆ ಅರ್ಜಿ ಹಾಕ್ತೀನಿ, ಅಪ್ಪಂಗೆ ಈಗ್ಲೇ ಹೇಳ್ಬ್ಯಾಡ ಅಂತ."

ಆ ಕಾಲದ ಬೆಂಗಳೂರಿನಲ್ಲಿ ಅರ್ಜಿ ಎಂದರೆ ಸೈಟು, ಸೈಟು ಎಂದರೆ ಅರ್ಜಿ. ನಾನೇ ಸೈಟು ಹಂಚುವ ಬೋರ್ಡಿಗೆ ಒಂದು ಅರ್ಜಿ ಹಾಕಿ, ಇನ್ನೂ ಇಲ್ಲದ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಯೋಚಿಸುತ್ತಿದ್ದವನು. ಹಾಗಾಗಿ ಅವರ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನನಗಿಂತ ಮೊದಲು ಅವಳಿಗೇ ಸಿಕ್ಕಿಬಿಟ್ಟರೆ ಎಂದು ಹೊಟ್ಟೆಯುರಿಯಿತು, ಅಷ್ಟೆ.

"ಹುಡುಗಿಗೆ ಸೈಟು ಯಾಕೆ? ಮನೆ ಕಟ್ಟಾಕೆ. ಮನೆ ಯಾಕೆ? ಸಂಸಾರ ಹೂಡಾಕೆ. ಯಾವನೋ ಅವ್ನೆ ಸ್ವಾಮಿ. ಭಾನ್ವಾರ ಊಟದ ಹೊತ್ಗೆ ಬರ್ತಿದ್ದೋಳು ಈಗ ದೀಪ ಹಚ್ಚೋ ಹೊತ್ಗೆ ಬರ್ತಾಳೆ. ರಾಜಾಜಿನಗರದಾಗೆ ಬಸ್ ಇಳೀತಾಳಂತೆ. ನೀವು ಓದಿದೋರು, ಒಸಿ ನೋಡ್ಕಂಡ್ ಬನ್ನಿ. ಹೌದು ಅಂದ್ರೆ ಓದು ಬಿಡ್ಸಿ, ನಮ್ ಅಕ್ಕನ ಮಗಂಗೆ ಕೊಟ್ಟು ಕೈ ತೊಳ್ಕಂತೀನಿ."

ಓದಿದವನು ಎಂದರೆ ನಾನು ಏನು ಬೇಕಾದರೂ ಮಾಡುತ್ತೇನೆ. ಮುಂದಿನ ಭಾನುವಾರ ರಾಜಾಜಿನಗರದ ಬಸ್‌ಸ್ಟಾಪಿನಲ್ಲಿ ಪೇಪರು ಹಿಡಿದು ನಿಂತೆ. ಪುಟ್ಟಲಕ್ಷ್ಮಿ ಇಳಿದಳು, ಆಚೀಚೆ ನೋಡಿದಳು, ಎರಡು ಅಡ್ಡರಸ್ತೆ ದಾಟಿ ಒಂದು ಹೆಂಚಿನ ಮನೆಯೊಳಗೆ ಹೋದಳು. ಬಾಗಿಲಲ್ಲಿ ಗಂಡಸಿನ ಚಪ್ಪಲಿ. ಕಾಂಪೌಂಡಿನ ದಾಸವಾಳದ ಸಂದಿಯಿಂದ ಇಣುಕುತ್ತಿರುವಾಗ ಹಿಂದಿನಿಂದ ಯಾರೋ ನನ್ನ ಹೆಗಲು ಹಿಡಿದರು. ಬನಿಯನ್ನು ತೊಟ್ಟ ವೃದ್ಧರು, ಕೈಯಲ್ಲಿ ಹೂಬುಟ್ಟಿ.

"ಟ್ಯೂಷನ್ನಿಗೆ ಬಂದವನು ಬೇಲೀಲಿ ಯಾಕಯ್ಯಾ ನಿಂತಿದೀಯ? ಎಷ್ಟನೇ ಸಲ ಫೇಲು?"

ಅವರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ವೆಂಕಟಗಿರಿ ಅಂತ. ಒಳಗೆ ಎಳೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು. ಎದುರಿಗೆ ಪುಟ್ಟಲಕ್ಷ್ಮಿ, ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಮೇಷ್ಟ್ರ ಹೆಂಡತಿ.

"ನಾಣಣ್ಣ! ನೀವಿಲ್ಲಿ?"

"ಹಿಂಗೇ... ಈ ಕಡೆ ಒಂದು ಸೈಟು ನೋಡೋಣ ಅಂತ."

"ಎಲ್ರಿಗೂ ಸೈಟಿನ ಹುಚ್ಚು," ಎಂದರು ಮೇಷ್ಟ್ರು. "ಈ ಹುಡುಗಿ ನೋಡು, ಸೀಟಿಗೆ ಒದ್ದಾಡ್ತಾ ಇದಾಳೆ. ಮೆಡಿಕಲ್ ಸೀಟಿಗೆ."

ಸೀಟು! ಮುನಿವೆಂಕಟಪ್ಪನವರ ಪಂಪ್‌ಸೆಟ್ಟು ಒಂದು ದೀರ್ಘವನ್ನು ನುಂಗಿ ಅದರ ಜಾಗದಲ್ಲಿ ಐತ್ವವನ್ನು ಉಗುಳಿತ್ತು.

ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಅವಳು ಎಲ್ಲ ಹೇಳಿದಳು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಕೈಕೊಟ್ಟಿದ್ದರಿಂದ ಮೆಡಿಕಲ್ ತಪ್ಪಿ ನರ್ಸಿಂಗ್ ಸಿಕ್ಕಿತ್ತು. ಆ ಒಂದು ಪರೀಕ್ಷೆಯನ್ನು ಮತ್ತೆ ಬರೆದಿದ್ದಳು, ಅಂಕ ಏರಿತ್ತು. ಈಗ ಸಂದರ್ಶನದಲ್ಲಿ ಕೆದಕುತ್ತಾರೆಂದು ಮೇಷ್ಟ್ರ ಬಳಿ ಮೊದಲಿನಿಂದ ತಿದ್ದಿಸಿಕೊಳ್ಳುತ್ತಿದ್ದಳು. ಸೀಟು ಕೈಗೆ ಬರುವತನಕ ನರ್ಸಿಂಗ್ ಬಿಡುವುದಿಲ್ಲ. ಹಾಸ್ಟೆಲಿನಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಹೋಗುವವಳೆಂದು ಗೊತ್ತಾದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ ಎಂಬ ಭಯ.

"ನರ್ಸ್ ಆದ್ರೆ ಏನ್ ಕಡಿಮೆ?" ಎಂದೆ.

"ಕಡಿಮೆ ಅಂತ ಅಲ್ಲ ನಾಣಣ್ಣ. ಜ್ವರ ಏರ್ತಾ ಇರೋದು ನಂಗೆ ಕಾಣ್ತಾ ಇರತ್ತೆ. ಡಾಕ್ಟ್ರು ರೌಂಡ್ಸಿಗೆ ಬರೋವರೆಗೂ ಬರೀ ಒದ್ದೆ ಬಟ್ಟೆ ಹಾಕ್ತಾ ಕೂತಿರ್ಬೇಕು. ನಂಗೆ ಕಾಯೋಕೆ ಆಗಲ್ಲ."

"ಅಪ್ಪಂಗೆ ಯಾಕೆ ಹೇಳಿಲ್ಲ?"

"ಇನ್ನೂ ಐದಾರು ವರ್ಷ ಓದು ಅಂದ್ರೆ ಬಿಡ್ತಾನಾ? ಆದ್ರೆ ಸಂದರ್ಶನಕ್ಕೆ ಪೋಷಕರು ಬರ್ಲೇಬೇಕಂತೆ. ಅಪ್ಪ ಬರ್ದೇ ಇದ್ರೆ ಎಲ್ಲ ಅಲ್ಲಿಗೇ ಮುಗೀತು."

ನನ್ನ ತಲೆ ಚುರುಕಾಯಿತು. "ಸೈಟು ಅಂತಾನೇ ತಿಳ್ಕೊಳ್ಳಲಿ ಬಿಡು. ಸೈಟಿನ ಸಂದರ್ಶನ ಅಂತ ಕರ್ಕೊಂಡು ಹೋಗು."

ಅವಳು ನಾಲಿಗೆ ಚಾಚಿದ ಮುದುಕಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಅಲ್ಲಿ ಕುರ್ಚಿ ಮೇಲಿಂದ ಎದ್ದು ಬರ್ತಾನೆ. ಬೇಡ. ನಾನೇ ಹೇಳ್ತೀನಿ."

ನಾವು ಊರು ಮುಟ್ಟಿದಾಗ ಮುನಿವೆಂಕಟಪ್ಪನವರು ಹೊಲದಲ್ಲಿದ್ದರು. ಬಾವಿಯ ಪಕ್ಕ, ಅವರ ಅತಿ ಒಳ್ಳೆಯ ತರಕಾರಿ ಮಡಿಯಲ್ಲಿ, ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದು ಹುರಿ ಕಟ್ಟಿದ್ದರು. ಅವರ ಹೆಂಡತಿ ಯಶೋದಮ್ಮ ದೂರದಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು.

"ಬಾರವ್ವ," ಎಂದರು ಮಗಳಿಗೆ. "ನಿಂಗೆ ಸೈಟೇ ಬೇಕಾಗಿದ್ರೆ ನನ್ನ ಕೇಳಕಾಗ್ತಿರ್ಲಿಲ್ವಾ? ನಮ್ ಹೊಲ ಇರ್ವಾಗ ಬೋರ್ಡ್ನೋರ್ ಮುಂದೆ ಕೈ ಚಾಚ್ತೀಯಾ? ಇಕಾ, ತಗಾ. ಮೊದ್ಲು ಅವನ್ಯಾರು ಹೇಳು."

ಪುಟ್ಟಲಕ್ಷ್ಮಿ ಹುರಿಯ ಆಚೆ ನಿಂತೇ ಹೇಳಿದಳು. "ಅಪ್ಪ, ಸೈಟಲ್ಲ. ಸೀಟು. ಡಾಕ್ಟ್ರು ಓದೋ ಸೀಟು. ಅವನು ಇವನು ಯಾರೂ ಇಲ್ಲ. ಮೇಷ್ಟ್ರ ಮನೇಲಿ ಪಾಠ ಹೇಳಿಸ್ಕೊತಾ ಇದೀನಿ."

ಮುನಿವೆಂಕಟಪ್ಪನವರು ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ. ನಾನೂ ಈ ಸಂಚಿನಲ್ಲಿ ಸೇರಿದವನೆಂದು ಅವರ ಮುಖವೇ ಹೇಳಿತು.

"ಡಾಕ್ಟ್ರು ಆಗಾಕೆ ಮೊದ್ಲು ನರ್ಸ್ ಯಾಕಾದೆ?"

"ಮೊದ್ಲು ಸಿಕ್ಕಿದ್ದು ಅದು. ಈಗ್ಲೂ ಸಿಗತ್ತೋ ಇಲ್ವೋ. ನೀನು ಬಂದ್ರೆ ಕೇಳೋಕಾದ್ರೂ ಬಿಡ್ತಾರೆ."

ಅವರು ಕೊಡಲಿಯ ಹಿಂಬದಿಯಿಂದ ಒಂದು ಗೂಟಕ್ಕೆ ಸುಮ್ಮನೆ ಇನ್ನೊಂದು ಏಟು ಹಾಕಿದರು. "ಬತ್ತೀನಿ. ನಿಂಗೋಸ್ಕರ ಅಲ್ಲ. ಅಲ್ಲಿ ಯಾರ್ಯಾರು ಕೂತವ್ರೆ ಅಂತ ನೋಡ್ಬೇಕು."

ಬಂದರು. ಕೋಟು ಹಾಕಿ, ರುಮಾಲು ಸುತ್ತಿ, ಸಂದರ್ಶನದ ಬಾಗಿಲ ಎದುರೇ ಕೂತು, ಒಳಗೆ ಹೋದವರನ್ನೆಲ್ಲ ದನದ ಸಂತೆಯಲ್ಲಿ ನೋಡುವಂತೆ ನೋಡಿದರು. ಪ್ಯಾಂಟು ಹಾಕಿದ ತಂದೆಯೊಬ್ಬರು ಪೇಪರ್‌ಮೆಂಟು ಕೊಟ್ಟರೆ ಮೂಸಿ ಜೇಬಿಗೆ ಹಾಕಿಕೊಂಡರು.

ಸೀಟು ಸಿಕ್ಕವರ ಪಟ್ಟಿ ಅಂಟಿಸಿದ ದಿನ ಪುಟ್ಟಲಕ್ಷ್ಮಿಗೆ ವಾರ್ಡಿನಲ್ಲಿ ಡ್ಯೂಟಿ. ನಾನು ಅರ್ಧ ದಿನ ರಜೆ ಹಾಕಿ ಮುನಿವೆಂಕಟಪ್ಪನವರೊಂದಿಗೆ ಹೋದೆ. ಜನರ ಕಂಕುಳಲ್ಲಿ ತೂರಿ, ಇಂಗ್ಲಿಷಿನ ಹೆಸರುಗಳ ಮೇಲೆ ಬೆರಳಾಡಿಸಿ, ಕೊನೆಗೆ ಕೂಗಿದೆ: "ಇದೆ! ಪುಟ್ಟಲಕ್ಷ್ಮಿ, ತಂದೆ ಮುನಿವೆಂಕಟಪ್ಪ!"

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಪಕ್ಕದಲ್ಲಿದ್ದ ಕನ್ನಡಕದವರ ತೋಳು ಮುಟ್ಟಿ, "ಸ್ವಾಮಿ, ಅದೊಸಿ ಓದಿ. ಈ ಹುಡುಗನ್ನ ನಂಬಂಗಿಲ್ಲ," ಎಂದರು. ಕನ್ನಡಕದವರು ಓದಿದರು. ನನಗೆ ಅವಮಾನವಾಯಿತು; ಕಾರ್ಖಾನೆಯ ಗೇಟಿನಲ್ಲಿ ನಾನು ದಿನವೂ ಮಾಡುವುದನ್ನೇ ನನಗೆ ಮಾಡುತ್ತಿದ್ದರು.

ಹೊರಡೋಣವೆಂದರೆ ಅವರು ಕದಲಲಿಲ್ಲ. ಒಬ್ಬ ಹೆಂಗಸಿನಿಂದ ಓದಿಸಿದರು. ಜವಾನನಿಂದ ಓದಿಸಿದರು. "ತಂದೆ ಹೆಸರೂ ಓದಪ್ಪ," ಎಂದರು ಅವನಿಗೆ.

"ಯಜಮಾನ್ರೇ, ಇನ್ನೂ ಸಂಶಯಾನಾ?"

"ಸುಮ್ಕಿರಿ ಸ್ವಾಮಿ," ಎಂದು ಅವರು ಆಗ ತಾನೇ ಮೆಟ್ಟಿಲು ಹತ್ತಿ ಬರುತ್ತಿದ್ದ ಒಬ್ಬರ ಕಡೆ ನಡೆದರು. ಆ ಮನುಷ್ಯ ಪ್ಯಾಂಟು ಹಾಕಿದ್ದ.