ಗೋಡೆ ಮುಟ್ಟದ ಅಟ್ಟಣಿಗೆ

"ಈ ಗಂಟೆ ನನ್ನ ಕೈಲಿ ಒಂದು ಸಲಾನೂ ಸುಳ್ಳು ಹೇಳಿಲ್ಲ" ಎಂಬುದು ಮಹಾಲ ಟಾಲಿವರ್‌ಳ ಜಂಬ. ಪಾದ್ರಿಗಳು ಹೇಳಿರಬಹುದು, ಪತ್ರಿಕೆಗಳು ಹೇಳಿರಬಹುದು, ಮಂಜು ಕವಿದ ಬೆಳಗಿನಲ್ಲಿ ಓಹಾಯೋ ನದಿ ಕೂಡ ತನಗಿರುವುದು ಒಂದೇ ದಡವೆಂದು ನಂಬಿಸಿ ಎಷ್ಟೋ ಜನರನ್ನು ನೀರಿಗಿಳಿಸಿರಬಹುದು. ಮಹಾಲಳ ಗಂಟೆ ಮಾತ್ರ ಸಾವಿಗೆ ಸಾವಿನಂತೆ, ಮದುವೆಗೆ ಮದುವೆಯಂತೆ, ಬೆಂಕಿಗೆ ಬೆಂಕಿಯಂತೆಯೇ ಮೊಳಗುತ್ತಿತ್ತು. ಬೆಂಕಿಯ ಗಂಟೆಯನ್ನು ಅವಳು ಎಳೆದಳೆಂದರೆ ಆಚೆ ದಡದ ಕೆಂಟಕಿಯಲ್ಲಿ ಕಾವಿಗೆ ಕೂತ ಕೋಳಿಗಳು ಎದ್ದು ನಿಲ್ಲುತ್ತಿದ್ದವು. ಮೊಟ್ಟೆಯೊಳಗಿನ ಮರಿಗಳು ಅವಧಿಗೆ ಮುಂಚೆಯೇ ಹೊರಗೆ ಬಂದು ಏನಾಯಿತೆಂದು ವಿಚಾರಿಸುತ್ತಿದ್ದವು.

ಮಹಾಲ ಆ ಕೆಂಟಕಿಯಲ್ಲೇ ಗುಲಾಮಳಾಗಿ ಹುಟ್ಟಿ, ಯಜಮಾನ ಸಾಯುವ ಹೊತ್ತಿಗೆ ಮನಸ್ಸು ಕರಗಿ ಬಿಡುಗಡೆ ಕೊಟ್ಟದ್ದರಿಂದ ಗುಲಾಮಗಿರಿಯಿಲ್ಲದ ಈಚೆ ದಡಕ್ಕೆ ಬಂದವಳು. ನಮ್ಮ ಹಾರ್ಲಾನ್ಸ್ ಬೆಂಡ್ ಊರಿನ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದವನನ್ನು ಮದುವೆಯಾದಳು. ಅವನು ತೀರಿಕೊಂಡ ಮೇಲೆ ಹಗ್ಗ ಇವಳ ಕೈಗೆ ಬಂತು. ಆಮೇಲೆ ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಅದಕ್ಕೆ ಕಾರಣ ಗೋಡೆ.

ಗುಲಾಮರನ್ನು ಇಟ್ಟುಕೊಂಡವನು ಬಿಷಪ್ ಆಗಬಹುದೇ ಎಂಬ ಜಗಳದಲ್ಲಿ ದೇಶದ ಮೆಥಡಿಸ್ಟ್ ಪಂಥದವರೆಲ್ಲ ಉತ್ತರ, ದಕ್ಷಿಣ ಎಂದು ಪಾಲಾದಾಗ ನಮ್ಮೂರಿನವರೂ ಪಾಲಾದರು. ಚರ್ಚಿನ ಕಟ್ಟಡವನ್ನು ಮಾತ್ರ ಯಾರೂ ಬಿಟ್ಟುಕೊಡಲಿಲ್ಲ. ನಡುಮಧ್ಯಕ್ಕೆ ಓಕ್ ಹಲಗೆಯ ಗೋಡೆ ಎದ್ದಿತು. ಎಡಗಡೆ ಉತ್ತರದವರು, ಅವರ ಮುಖಂಡ ಪೀಪಾಯಿ ಮಾಡುವ ಜೋಥಮ್ ವೀಲರ್. ಬಲಗಡೆ ದಕ್ಷಿಣದವರು; ಅವರಿಗೆ ಹಂದಿಮಾಂಸದ ವ್ಯಾಪಾರಿ ಲೆಮ್ಯುಯೆಲ್ ಸ್ಟೋಕ್ಸ್. ಎರಡು ಬಾಗಿಲು, ಇಬ್ಬರು ಪಾದ್ರಿಗಳು. ಊರಿನ ಬೆಂಕಿ ಆರಿಸುವ ದಳವೂ ಎರಡಾಗಿ ಎರಡು ಪಂಪುಗಳು ಬಂದವು. ಮೊದಲು ನೀರು ಬಿಟ್ಟ ದಳಕ್ಕೆ ವರ್ಷವಿಡೀ ಮೀಸೆ ತಿರುವುವ ಹಕ್ಕು. ಈ ಪೈಪೋಟಿಯಲ್ಲಿ ಸುಟ್ಟುಹೋದ ಮನೆಗಳಿಗಿಂತ ತೊಯ್ದು ಕುಸಿದ ಮನೆಗಳೇ ಹೆಚ್ಚು. ಗಂಟೆಯೊಂದೇ ಒಂದಾಗಿ ಉಳಿಯಿತು. ಅದನ್ನು ಎಳೆಯುವವರು ಆ ಕಡೆಯವರಾಗುವುದು ಈ ಕಡೆಯವರಿಗೆ ಒಪ್ಪಿಗೆಯಿಲ್ಲ, ಈ ಕಡೆಯವರಾಗುವುದು ಆ ಕಡೆಯವರಿಗೆ. ಹೀಗಾಗಿ ಮಹಾಲ.

ಇನ್ನೊಂದು ಸಂಗತಿಯೂ ಪಾಲಾಗದೆ ಉಳಿದಿತ್ತು. ಹಿಂಬದಿಯಲ್ಲಿ, ಎರಡೂ ಭಾಗಗಳ ಮೇಲೆ ಹಾಯ್ದಿದ್ದ ಅಟ್ಟಣಿಗೆ. ಹಲಗೆಯ ಗೋಡೆ ಅದರ ಅಡಿಯವರೆಗೆ ಏರಿ ನಿಂತುಬಿಟ್ಟಿತ್ತು. ಅಲ್ಲಿ ಕೂರುತ್ತಿದ್ದವರು ಕಪ್ಪು ಜನ. ಜಗಳವೆಲ್ಲ ಅವರ ವಿಷಯಕ್ಕೇ ಆದರೂ ತಲೆಯೆತ್ತಿ ಅವರ ಕಡೆ ನೋಡಬೇಕೆಂದು ಕೆಳಗಿನವರಾರಿಗೂ ಹೊಳೆದಿರಲಿಲ್ಲ. ಮೇಲೆ ಕೂತವರಿಗೆ ಎರಡು ಪ್ರವಚನಗಳೂ ಒಟ್ಟಿಗೆ ಕೇಳುತ್ತಿದ್ದವು: ಗುಲಾಮರನ್ನು ಇಟ್ಟುಕೊಂಡವನಿಗೆ ನರಕವೆಂದು ಎಡಗಿವಿಗೆ, ಗುಲಾಮರಿಲ್ಲದ ಸ್ವರ್ಗವೇ ಇಲ್ಲವೆಂದು ಬಲಗಿವಿಗೆ. ಮಹಾಲ ಎರಡಕ್ಕೂ ನಿಷ್ಪಕ್ಷಪಾತವಾಗಿ ತೂಕಡಿಸುತ್ತಿದ್ದಳು.

ವಾಷಿಂಗ್ಟನ್ನಿನಲ್ಲಿ ಸೆನೆಟ್ ಸಭೆಯೊಳಗೇ ಗುಲಾಮಗಿರಿಯ ಜಗಳಕ್ಕೆ ಒಬ್ಬ ಸದಸ್ಯ ಇನ್ನೊಬ್ಬನ ತಲೆಯನ್ನು ಬೆತ್ತದಿಂದ ಒಡೆದನೆಂಬ ಸುದ್ದಿ ಬಂದ ಮೇಲಂತೂ ನಮ್ಮೂರಿನಲ್ಲಿ ಎರಡು ಕಾಲೂ ನೆಟ್ಟಗಿದ್ದ ಗಂಡಸರೆಲ್ಲ ಊರುಗೋಲು ಹಿಡಿದು ಚರ್ಚಿಗೆ ಬರತೊಡಗಿದರು. ಅಂಥದೊಂದು ಜೂನ್ ಭಾನುವಾರ ಮಹಾಲಳ ತಂಗಿಯ ಮಗಳು ಡೆಲ್ಫಿ, ಕೆಂಟಕಿಯಿಂದ ತಪ್ಪಿಸಿಕೊಂಡು ನದಿ ದಾಟಿ ಬಂದವಳು, ಅಟ್ಟಣಿಗೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದಳು. ಯಜಮಾನ ಅವಳನ್ನು ದಕ್ಷಿಣದ ಹತ್ತಿ ಹೊಲಗಳಿಗೆ ಮಾರುವವನಿದ್ದ. ಅಲ್ಲಿಗೆ ಹೋದವರ ಸುದ್ದಿ ಮತ್ತೆ ಬಂದದ್ದೇ ಇಲ್ಲ.

"ದೊಡ್ಡಮ್ಮ, ಇವರು ಯಾರಾದ್ರೂ ಮೇಲೆ ನೋಡಿದ್ರೆ?"

"ಗೋಡೆ ಎದ್ದ ಮೇಲೆ ಹನ್ನೊಂದು ವರ್ಷದಿಂದ ನೋಡಿಲ್ಲ, ಇವತ್ತು ಕತ್ತು ಉಳುಕಿಸ್ಕೊಳ್ತಾರಾ? ಸುಮ್ನೆ ಹಾಡು." ಹಾಗೆಂದು ಮಹಾಲ ಕೆಳಗಿಳಿದು ಎರಡು ಬಾಗಿಲುಗಳ ನಡುವಿನ ಮೆಟ್ಟಿಲ ಬುಡದಲ್ಲಿ, ಹಗ್ಗದ ಪಕ್ಕ ನಿಂತಳು.

ಅಷ್ಟರಲ್ಲಿ ಗಾರ್ಲಂಡ್ ಪಿಕ್ ಬಂದ. ಓಡಿಹೋದ ಗುಲಾಮರನ್ನು ಹಿಡಿಯುವುದೇ ಅವನ ಕಸುಬು. ಬಾಯಲ್ಲಿ ಓಕ್ ಕೊಂಬೆಯಷ್ಟು ದಪ್ಪದ ಚುಟ್ಟಾ, ಕೈಯಲ್ಲಿ ಗುಲಾಮರನ್ನು ಹಿಡಿಯುವ ಕಾನೂನಿನ ಪ್ರತಿ.

"ಎಲ್ಲರೂ ಕೇಳಿ! ಈ ಕಾನೂನಿನ ಪ್ರಕಾರ ನೀವೆಲ್ಲ ನನ್ನ ಜೊತೆ ಸೇರಿ ಹುಡುಕ್ಬೇಕು!"

"ಹುಡುಕಿಕೊಡ್ತೀವಿ. ಕಳ್ಳರೆಲ್ಲ ಆ ಕಡೇನೇ ಇರೋದು" ಎಂದ ಸ್ಟೋಕ್ಸ್.

"ಲೋ ಹಂದಿ ಸ್ಟೋಕ್ಸ್, ನಮ್ಮ ಬಾಗಿಲಲ್ಲಿ ಕಾಲಿಟ್ರೆ ಆ ಕಾಲಿಗೂ ಉಪ್ಪು ಸವರಿ ಪೀಪಾಯೀಲಿ ತುಂಬಿ ಕಳಿಸ್ತೀನಿ" ಎಂದು ಹಲಗೆಯ ಆಚೆಯಿಂದ ವೀಲರ್.

ಕೊನೆಗೆ ಎರಡೂ ಕಡೆಯವರು ಒಬ್ಬರ ಬೆಂಚಿನಡಿ ಇನ್ನೊಬ್ಬರು ಹುಡುಕುವುದೆಂದು ತೀರ್ಮಾನವಾಯಿತು. ಹೆಂಡ ಮುಟ್ಟೆವೆಂದು ಆಣೆಯಿಟ್ಟ ಬಲಗಡೆಯವರ ಬೆಂಚಿನಡಿ ವಿಸ್ಕಿ ಸಿಕ್ಕಿತು. ಗುಲಾಮರು ಬೆಳೆದ ಸಕ್ಕರೆ ಮುಟ್ಟೆವೆಂದು ಆಣೆಯಿಟ್ಟ ಎಡಗಡೆಯವರ ಬೆಂಚಿನಡಿ ಗುಲಾಮರೇ ಕಬ್ಬು ಅರೆಯುವ ಲೂಯಿಸಿಯಾನದ ಕಾಕಂಬಿ ಹಾಕಿದ ಕೇಕು ಸಿಕ್ಕಿತು. ಡೆಲ್ಫಿ ಸಿಗಲಿಲ್ಲ. ಊರುಗೋಲುಗಳು ಮೇಲೇರಿದವು.

ಪಿಕ್ ಆ ಗದ್ದಲ ಬಿಟ್ಟು ಮೆಟ್ಟಿಲ ಬಳಿಗೆ ಬಂದ.

"ಏಯ್ ಮುದುಕಿ, ಇದು ಎಲ್ಲಿಗೆ ಹೋಗುತ್ತೆ?"

"ಮೇಲಕ್ಕೆ, ಧಣಿ."

"ಮೇಲೆ ಯಾರಿದಾರೆ?"

"ದೇವರು. ಅವನಿಗಿಂತ ಸ್ವಲ್ಪ ಕೆಳಗೆ ನಮ್ಮೋರು."

ಪಿಕ್ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಮಹಾಲಳ ಕೈ ಹಗ್ಗದ ಮೇಲಿತ್ತು. ಗಂಡ ಹೋದಂದಿನಿಂದ ಅವಳು ಕಾಪಾಡಿಕೊಂಡು ಬಂದದ್ದು ಸುಳ್ಳು ಹೇಳದ ಗಂಟೆಯ ಜಂಬವೊಂದೇ. ಮೇಲೆ ಡೆಲ್ಫಿಯ ದನಿ ಹಾಡಿನ ನಡುವೆ ತಟ್ಟನೆ ನಿಂತಿತು. ಮಹಾಲ ಜಂಬವನ್ನು ಬಿಟ್ಟಳು, ಹಗ್ಗವನ್ನು ಎಳೆದಳು.

ಬೆಂಕಿಯ ಗಂಟೆ! ಒಬ್ಬರ ಕೊರಳಪಟ್ಟಿ ಇನ್ನೊಬ್ಬರು ಹಿಡಿದಿದ್ದವರೆಲ್ಲ ಕೈಬಿಟ್ಟು ಓಡಿದರು. ಎಡ ದಳ ಎಡಕ್ಕೆ, ಬಲ ದಳ ಬಲಕ್ಕೆ, ಪಂಪುಗಳು ಗಡಗಡನೆ ಬಂದವು. ಮಿಲ್ಲಿನ ಕೆರೆಯವರೆಗೆ ಎರಡು ಸಾಲು ನಿಂತವು. ತುಂಬಿದ ತೊಗಲ ಬಕೆಟ್ಟುಗಳನ್ನು ಗಂಡಸರ ಸಾಲು ಕೈಯಿಂದ ಕೈಗೆ ದಾಟಿಸುವುದು, ಖಾಲಿಯಾದವನ್ನು ಹೆಂಗಸರ ಸಾಲು ಕೆರೆಗೆ ಹಿಂದಿರುಗಿಸುವುದು. ಗೋಡೆ ಎದ್ದಮೇಲೂ ಈ ಪದ್ಧತಿ ತಪ್ಪಿರಲಿಲ್ಲ. ಇನ್ನು ಬೇಕಾದದ್ದು ಬೆಂಕಿ. ಇಡೀ ಊರಿನಲ್ಲಿ ಹೊಗೆ ಇದ್ದದ್ದು ಒಂದೇ ಕಡೆ, ಪಿಕ್‌ನ ಚುಟ್ಟಾದಲ್ಲಿ.

"ಅಲ್ಲಿ! ಮೆಟ್ಟಿಲ ಹತ್ರ! ಹೊಡೀರೋ!" ಎಂದು ಯಾರೋ ಕೂಗಿದರು.

ಎಡದಿಂದ ಒಂದು ಧಾರೆ, ಬಲದಿಂದ ಒಂದು. ಎರಡರ ನಡುವೆ ಸಿಕ್ಕ ಪಿಕ್ ನೆಲ ಬಿಟ್ಟು ಮೇಲೆದ್ದು, ಕಾರಂಜಿಯ ತುದಿಯಲ್ಲಿ ಚೆಂಡು ಕುಣಿದ ಹಾಗೆ ಕುಣಿದ. ಚುಟ್ಟಾ ಹಾರಿ ಕೆಂಟಕಿಯಲ್ಲಿ ಬಿತ್ತೆಂದು ಹೇಳುತ್ತಾರೆ. ನಾನು ಅಷ್ಟು ಉತ್ಪ್ರೇಕ್ಷೆ ಮಾಡುವವನಲ್ಲ, ಅದು ಬಿದ್ದದ್ದು ನದಿಯ ನಡುವೆ.

ಅವನ ಬೆನ್ನ ಹಿಂದಿನಿಂದ ಡೆಲ್ಫಿ ಮೆಟ್ಟಿಲಿಳಿದು ಖಾಲಿ ಬಕೆಟ್ ಹಿಡಿದು ಹೆಂಗಸರ ಸಾಲಿಗೆ ಸೇರಿದಳು. ಬಕೆಟ್ಟಿನೊಂದಿಗೆ ಅವಳೂ ಒಬ್ಬರಿಂದ ಒಬ್ಬರಿಗೆ ದಾಟತೊಡಗಿದಳು. ನಟ್ಟ ನಡುವೆ ನಿಂತಿದ್ದವಳು ಪರ್ಮೀಲಿಯ ಸ್ಟೋಕ್ಸ್, ಹಂದಿ ವ್ಯಾಪಾರಿಯ ಹೆಂಡತಿ. ಅವಳು ಡೆಲ್ಫಿಯನ್ನು ನೋಡಿದಳು. ಗಂಡನ ಕಡೆ ನೋಡಿದಳು. ತನ್ನ ಅಗಲ ಅಂಚಿನ ಟೋಪಿ ಕಳಚಿ ಹುಡುಗಿಯ ತಲೆಗಿಟ್ಟು, ಗದ್ದದ ಕೆಳಗೆ ಗಂಟು ಹಾಕಿದಳು.

"ಬಿಸಿಲು ಜಾಸ್ತಿ. ನಡಿಯಮ್ಮ, ಬೇಗ" ಎಂದಳು.

ಕೆರೆಯ ದಂಡೆಯಲ್ಲಿ, ಗುಲಾಮಗಿರಿಯನ್ನು ಒಪ್ಪದ ಕ್ವೇಕರ್ ಪಂಥದವನೊಬ್ಬನ ಹಿಟ್ಟಿನ ಗಾಡಿ ಕಾಯುತ್ತಿತ್ತು. ಕೆಲವು ದಿನಗಳ ಮೇಲೆ ಆ ಗಾಡಿ ಖಾಲಿಯಾಗಿ ಮರಳಿತು. ಡೆಲ್ಫಿಯನ್ನು ಆ ಕಾನೂನು ಮುಟ್ಟದ ಕೆನಡಾದ ಹಡಗು ಹತ್ತಿಸಿ ಬಂದೆನೆಂದು ಗಾಡಿಯವನು ಮಹಾಲಳ ಕಿವಿಯಲ್ಲಿ ಹೇಳಿದ. ಆ ವಾರವೆಲ್ಲ ಅವಳು ಶವಯಾತ್ರೆಗೂ ಮದುವೆಯ ಗಂಟೆಯನ್ನೇ ಹೊಡೆದಳೆಂದು ದೂರು.

ಪಿಕ್ ಒಣಗಿದ ಮೇಲೆ ಫಿರ್ಯಾದು ಕೊಟ್ಟ. ಬೆಂಕಿಯಿಲ್ಲದೆ ಗಂಟೆ ಹೊಡೆದು ಕಾನೂನಿಗೆ ಅಡ್ಡಿಪಡಿಸಿದಳೆಂದು ಮಹಾಲಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ತಪ್ಪು ಸಾಬೀತಾದರೆ ಜೈಲು.

"ಬೆಂಕಿ ಇತ್ತೇನ್ರಿ, ವೀಲರ್?"

ವೀಲರ್ ಎದೆಯುಬ್ಬಿಸಿದ. "ಇತ್ತು ಸ್ವಾಮಿ. ನಮ್ಮ ದಳವೇ ಮೊದ್ಲು ಆರಿಸಿದ್ದು."

"ಸುಳ್ಳು!" ಎಂದು ಸ್ಟೋಕ್ಸ್ ಎದ್ದ. "ಬೆಂಕಿ ಇತ್ತು, ಆದರೆ ಮೊದಲ ಧಾರೆ ನಮ್ದು! ಬೈಬಲ್ ತನ್ನಿ, ಮುಟ್ಟಿ ಹೇಳ್ತೀನಿ."

ಹನ್ನೊಂದು ವರ್ಷಗಳಲ್ಲಿ ಎರಡು ಕಡೆಯವರೂ ಒಪ್ಪಿದ ಮೊದಲ ಮಾತು ಅದು. ಬೆಂಕಿಯೇ ಇರಲಿಲ್ಲವೆಂದರೆ ಗೆಲುವೂ ಇರಲಿಲ್ಲವಲ್ಲ! ಎರಡು ದಳಗಳೂ ಸಾಲಾಗಿ ಬಂದು ಪ್ರಮಾಣ ಮಾಡಿದವು. ಒಬ್ಬನ ಕಣ್ಣಿಗೆ ಜ್ವಾಲೆ ಮಂಡಿಯುದ್ದ, ಅವನ ಎದುರಾಳಿಗೆ ಗೋಪುರದುದ್ದ.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. "ಮಹಾಲ, ನಿನ್ನನ್ನ ಬಿಟ್ಟಿದೀನಿ. ಆದ್ರೆ ಚರ್ಚಿನಲ್ಲಿ ಒಂದು ಹಲಗೇನೂ ಕಪ್ಪಾಗಿಲ್ಲ, ನಾನೇ ಹೋಗಿ ನೋಡ್ಕೊಂಡು ಬಂದೆ. ನಿಜ ಹೇಳು, ಎಲ್ಲಿತ್ತು ಆ ಬೆಂಕಿ?"

"ನೀವು ಕೆಳಗಿಂದ ನೋಡಿದ್ರಿ, ಸ್ವಾಮಿ" ಎಂದಳು ಮಹಾಲ. "ಬರೋ ಭಾನುವಾರ ಅಟ್ಟಣಿಗೆಗೆ ಬಂದು ನಮ್ಮ ಪಕ್ಕ ಕೂತ್ಕೊಳ್ಳಿ. ಎರಡೂ ಕಡೆ ಹತ್ಕೊಂಡು ಉರೀತಿರೋದು ಅಲ್ಲಿಂದ ಚೆನ್ನಾಗಿ ಕಾಣುತ್ತೆ."