ಚಪ್ಪಲಿ ಬಿಟ್ಟು ಓಡಿದವರಿಲ್ಲ

1978ರಲ್ಲಿ ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಎಂದರೆ, ಹುಡುಗರ ಪಕ್ಕ ನಿಂತು ಪ್ರಯೋಗ ಮಾಡಿಸುವವನು. ಮಾನ್ವಿ ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿ ಓದಿದವನು ನಾನು. ಚೌಕಾಶಿ ಅಲ್ಲಿಯೇ ಕಲಿತದ್ದು. ನೌಕರಿಗೆ ಬಂದ ಮೇಲೂ ಅದೇ ಕೈಹಿಡಿಯಿತು.

ನಮ್ಮ ಲ್ಯಾಬ್ ಮಹಡಿಯ ಮೇಲಿತ್ತು. ಇಳಿಯಲು ಒಂದೇ ಮೆಟ್ಟಿಲ ಸಾಲು. ಮಳೆಗಾಲದ ಎರೆಮಣ್ಣು ಹೊಸ ನೆಲವನ್ನು ಕೆಡಿಸುತ್ತದೆಂದು ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಡುವ ಪದ್ಧತಿ. ಆಸಿಡ್ ಬಳಸುವ ಕೋಣೆಯಲ್ಲಿ ಬರಿಗಾಲು! ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಹನುಮಂತನೊಬ್ಬನಿಗೇ ರಿಯಾಯಿತಿ. ಅವನು ದೇವದುರ್ಗದಲ್ಲಿ ಮನೆ ಕಟ್ಟುವ ಗೌಂಡಿಯೊಬ್ಬರ ಮಗ; ಪೋಲಿಯೊದಿಂದ ಎಡಗಾಲು ಸೊರಗಿತ್ತು. ಕಾಲಿಗೆ ಆಸರೆಯಾದ ಕಬ್ಬಿಣದ ಪಟ್ಟಿ ಬೂಟಿಗೇ ಸೇರಿದ್ದರಿಂದ ಅದನ್ನು ಬಿಚ್ಚಿ ನಡೆಯಲಾರ. ಒದ್ದೆ ಗೋಣಿತಟ್ಟಿಗೆ ಬೂಟು ತಿಕ್ಕಿ ಒಳಗೆ ಬರುತ್ತಿದ್ದ. "ದೊರಿ ಬಂದ್ರು, ದಾರಿ ಬಿಡ್ರಲೇ!" ಎಂದು ಅವನ ಗೆಳೆಯ, ಸಿರವಾರದ ಅಕ್ಕಿ ಗಿರಣಿಯವರ ಮಗ ಶರಣಪ್ಪ ಕಿಚಾಯಿಸುತ್ತಿದ್ದ.

ಒಂದು ದಿನ ಸ್ಪಿರಿಟ್ ದೀಪ ಉರುಳಿ ಮೇಜಿನ ಮೇಲಿನ ಬಟ್ಟೆ ಹೊತ್ತಿಕೊಂಡಿತು. ಬಕೆಟ್ಟಿನ ಮರಳು ಸುರಿದು ಆರಿಸಿದೆವು. ಸುದ್ದಿ ಕೇಳಿ ಗಾಬರಿಯಾದ ಪ್ರಿನ್ಸಿಪಾಲರು ಹನುಮಂತನನ್ನೂ ನನ್ನನ್ನೂ ಕರೆಸಿದರು. ಅವನು ಬಿ.ಎಸ್ಸಿ. ಬಿಟ್ಟು, ಕೆಳಗಿನ ಕೋಣೆಗಳಲ್ಲಿ ನಡೆಯುವ ಬಿ.ಎ.ಗೆ ಸೇರಬೇಕಂತೆ. ಹುಡುಗನ ಮುಖ ಸಣ್ಣದಾಯಿತು. ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಬೇಕೆಂದೇ ಬಂದವನು ಅವನು.

"ಬೆಂಕಿ ಬಿದ್ರ ಇವನ್ನ ಯಾರು ಹೊರ್ತಾರ್ರೀ?" ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು.

"ಹಂಗಾದ್ರ ಲ್ಯಾಬನ್ನ ಕೆಳಗ ತರ್ರಿ ಸರ್," ಎಂದೆ. ಆಗದ ಮಾತೆಂದು ನನಗೂ ಗೊತ್ತಿತ್ತು. ಆದರೆ ಮೊದಲು ದೊಡ್ಡದನ್ನೇ ಕೇಳಬೇಕು. ಆಮೇಲೆ ಕೇಳುವುದು ಎದುರಿನವರಿಗೆ ಸಣ್ಣದಾಗಿ ಕಾಣುತ್ತದೆ.

"ಗ್ಯಾಸಿನ ಪೈಪು, ನಳ ಎಲ್ಲಾ ಕಿತ್ತು ತರಾಕ ಆಗ್ತದೇನ್ರೀ?" ಎಂದು ರೇಗಿದರು.

"ಹೋಗ್ಲಿ ಬಿಡ್ರಿ. ಒಂದ್ಸಲ ಗಂಟಿ ಬಾರಿಸಿ ನೋಡೋಣು. ಎಲ್ಲರ ಸಂಗಾಟ ಇಂವ ಇಳದ್ರ ಇಲ್ಲೇ ಇರ್ಲಿ. ಹಿಂದ ಉಳದವರನ್ನ ನಾನೇ ಬಿ.ಎ.ಗೆ ಹಚ್ಚತೀನಿ."

ವ್ಯಾಪಾರ ಕುದುರಿತು.

ಬೆಂಕಿ ಬಿದ್ದಿದೆಯೆಂದು ಭಾವಿಸಿ ಕಟ್ಟಡ ಖಾಲಿ ಮಾಡುವ ಈ ತಾಲೀಮಿಗೆ ಫೈರ್ ಡ್ರಿಲ್ ಎನ್ನುತ್ತಾರೆ. ಹುಡುಗರೇ ಹೊಣೆ ಹಂಚಿಕೊಂಡರು. ದೀಪ ಆರಿಸಲು ಒಬ್ಬ, ಗ್ಯಾಸ್ ಬಂದ್ ಮಾಡಲು ಒಬ್ಬ, ಕೊನೆಗೆ ಕೋಣೆ ನೋಡಿ ಬರಲು ಇನ್ನೊಬ್ಬ. ಹನುಮಂತನ ತೋಳು ಹಿಡಿದು ಇಳಿಸುವ ಕೆಲಸವನ್ನು ಶರಣಪ್ಪ ತಾನಾಗಿಯೇ ಕೇಳಿ ಪಡೆದ.

ಗಂಟೆ ಮೊಳಗಿತು. ದೀಪಗಳು ಆರಿದವು, ಗ್ಯಾಸ್ ನಿಂತಿತು, ಯಾರೂ ನೂಕಾಡಲಿಲ್ಲ. ನನಗೆ ಹೆಮ್ಮೆ. ಬಾಗಿಲು ದಾಟಿದರೋ ಇಲ್ಲವೋ, ಇಡೀ ಕ್ಲಾಸು ಚಪ್ಪಲಿ ರಾಶಿಯ ಮೇಲೆ ಬಗ್ಗಿತು!

"ಲೇ, ನನ್ನ ಕೊಲ್ಲಾಪುರಿ ಮ್ಯಾಲ ನಿಂತೀಯಲ್ಲೋ, ಎತ್ತೋ ಕಾಲು!"

ಶರಣಪ್ಪ ಒಂದು ಕೈಯಲ್ಲಿ ಹನುಮಂತನ ತೋಳು ಹಿಡಿದು, ಇನ್ನೊಂದರಲ್ಲಿ ತಡಕಾಡುತ್ತಿದ್ದ. "ತಡಿಯೋ ಹನ್ಮ್ಯಾ, ಒಂದು ಸಿಕ್ಕದ, ಇನ್ನೊಂದು ಸಿಗವಲ್ದು."

"ಮೊದಲ ನನ್ನ ಕೈ ಬಿಡೋ ಯಪ್ಪಾ!" ಎಂದ ಹನುಮಂತ, ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಇಳಿದೇಬಿಟ್ಟ. ನಾನೂ ಅವನ ಹಿಂದೆಯೇ ಇಳಿದೆ.

ಬೇವಿನ ಗಿಡದ ಕೆಳಗೆ ಪ್ರಿನ್ಸಿಪಾಲರು ಕಾಯುತ್ತಿದ್ದರು. "ಉಳದವರು ಎಲ್ಲಪ್ಪಾ?"

"ಚಪ್ಪಲಿ ಹುಡಕಾಕತ್ತಾರ್ರೀ ಸರ್," ಎಂದ ಹನುಮಂತ.

ಪ್ರಿನ್ಸಿಪಾಲರಿಗೆ ನಗು ತಡೆಯಲಾಗಲಿಲ್ಲ. ಆದರೂ ಸೋಲಲಿಲ್ಲ: "ಎಲ್ಲರ ಸಂಗಾಟ ಇಳೀಬೇಕು ಅಂದಿದ್ರಿ. ಇಂವ ಒಬ್ಬನ ಇಳದಾನ."

"ಖರೇ ಅದರೀ ಸರ್. ಆದ್ರ ಮಾತಿನಂಗ ಹಿಂದ ಉಳದವರನ್ನ ಬಿ.ಎ.ಗೆ ಹಚ್ಚಿದ್ರ, ಬಿ.ಎಸ್ಸಿ.ದಾಗ ಇಂವ ಒಬ್ಬನ ಉಳೀತಾನ್ರಿ!"

ಹನುಮಂತ ಬಿ.ಎಸ್ಸಿ.ಯಲ್ಲೇ ಉಳಿದ. ಮರುದಿನದಿಂದ ಎಲ್ಲರೂ ಅವನಂತೆಯೇ ಗೋಣಿತಟ್ಟಿಗೆ ಚಪ್ಪಲಿ ತಿಕ್ಕಿ, ಹಾಕಿಕೊಂಡೇ ಲ್ಯಾಬಿಗೆ ಬಂದರು. ಮುಂದಿನ ಡ್ರಿಲ್ಲಿಗೆ ಹುಡುಗರು ಅವನನ್ನೇ ಮುಂದಾಳು ಮಾಡಿದರು. ಅವನ ಕೂಗಿಗೆ ಶರಣಪ್ಪ ಎಲ್ಲರಿಗಿಂತ ಮೊದಲು ಕೆಳಗಿದ್ದ.

ಕಾಲೇಜು ನಡೆಸುವವರಿಗೆ ನನ್ನದೊಂದು ಸಲಹೆ. ಆಪತ್ತಿನಲ್ಲಿ ಯಾರು ಹಿಂದುಳಿಯುತ್ತಾರೆಂದು ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಬೇಡಿ. ಗಂಟೆ ಬಾರಿಸಿ, ಕೆಳಗೆ ಹೋಗಿ ನಿಲ್ಲಿ. ಯಾರು ಮೊದಲು ಇಳಿದು ಬರುತ್ತಾರೋ, ಉಳಿದವರಿಗೆ ದಾರಿ ತೋರಿಸುವ ಕೆಲಸ ಅವರಿಗೇ ಕೊಡಿ.